ಲಡ್ಲೋಗೆ ಹೋಗುವುದಾದರೆ ಸಂತೆಯ ದಿನವೇ ಹೋಗಿ

ಮಕ್ಕಳ ಮನೆಗೆ ಅಂತ ಇಂಗ್ಲೆಂಡಿಗೆ ಬಂದ ಅಪ್ಪ ಅಮ್ಮಂದಿರ ತಿರುಗಾಟ ಸಾಮಾನ್ಯವಾಗಿ ಮೂರೇ ವಾರದಲ್ಲಿ ಮುಗಿದುಹೋಗುತ್ತದೆ. ಮೊದಲು ಲಂಡನ್, ಆಮೇಲೆ ಸ್ಟೋನ್‌ಹೆಂಜ್, ಆಮೇಲೆ ಸ್ಟ್ರಾಟ್‌ಫರ್ಡ್. ಅಲ್ಲಿಂದ ಮುಂದೆ ಮಳೆ ನೋಡುತ್ತಾ ಕಿಟಕಿ ಪಕ್ಕ ಕೂರುವುದೇ ಕೆಲಸ. ಇನ್ನೆಲ್ಲಿಗೆ ಕರೆದುಕೊಂಡು ಹೋಗೋದು ಅಂತ ಕೇಳುವ ಗೆಳೆಯರಿಗೆಲ್ಲ ನಾನು ಹೇಳುವುದು ಒಂದೇ ಹೆಸರು, ಲಡ್ಲೋ.

ಶ್ರಾಪ್‌ಶೈರ್ ಜಿಲ್ಲೆಯ ದಕ್ಷಿಣದ ತುದಿಯಲ್ಲಿ, ವೇಲ್ಸ್ ಗಡಿಗೆ ಹತ್ತಿರ ಇರುವ ಸಣ್ಣ ಊರು. ಹತ್ತು ಹನ್ನೊಂದು ಸಾವಿರ ಜನ ಇರಬಹುದು. ಗುಡ್ಡದ ಮೇಲೆ ಕೋಟೆ, ಕೋಟೆ ಮುಂದೆ ಸಂತೆ ಮೈದಾನ, ಕೆಳಗೆ ಟೀಮ್ ಹೊಳೆ. ಎಲ್ಲವೂ ನಡೆದು ಮುಗಿಯುವಷ್ಟು ಹತ್ತಿರ. ನಾನು ಐದಾರು ಸಲ ಹೋಗಿದ್ದೇನೆ, ಎರಡು ಸಲ ಅಮ್ಮನ ಜೊತೆ. ಆ ಓಡಾಟದಲ್ಲಿ ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಾರ ನೋಡಿ

ಲಡ್ಲೋ ಸಂತೆ ಸೋಮವಾರ, ಬುಧವಾರ, ಶುಕ್ರವಾರ ಮತ್ತು ಶನಿವಾರ. ಇದನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ನಾನು ಮೊದಲ ಸಲ ಮಂಗಳವಾರ ಹೋಗಿ, ಖಾಲಿ ಮೈದಾನ ನೋಡಿಕೊಂಡು ಬಂದೆ. ಕೋಟೆ ಇತ್ತು, ಹೊಳೆಯೂ ಇತ್ತು. ಆದರೆ ಊರಿಗೆ ಜೀವ ಇರಲಿಲ್ಲ.

ತಿಂಗಳ ವಿಷಯಕ್ಕೆ ಬಂದರೆ, ಮೇ ಮತ್ತು ಜೂನ್‌ಗೆ ನನ್ನ ಮೊದಲ ಓಟು. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆ ತನಕ ಬೆಳಕಿರುತ್ತದೆ. ಸೆಪ್ಟೆಂಬರ್ ಕೂಡ ಚೆನ್ನ. ಆದರೆ ಆ ತಿಂಗಳಲ್ಲಿ ಕೋಟೆಯೊಳಗೆ ಊಟ ತಿಂಡಿಯ ದೊಡ್ಡ ಮೇಳ ನಡೆಯುತ್ತದೆ. 1995ರಲ್ಲಿ ಶುರುವಾದ ಮೇಳ ಅದು. ಆ ವಾರಾಂತ್ಯದಲ್ಲಿ ರೂಮು ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಕೋಟೆ ತೆರೆಯುವ ದಿನಗಳೂ ಕಡಿಮೆ. ಹಿರಿಯರ ಜೊತೆ ಹೋಗುವವರು ಚಳಿಗಾಲ ಬಿಟ್ಟುಬಿಡಿ.

ಒಂದು ರಾತ್ರಿ ಅಲ್ಲೇ ಉಳಿಯಿರಿ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವವರಿಗೆ ಕೋಟೆ ಸಿಗುತ್ತದೆ, ಹೊಳೆ ತಪ್ಪಿಹೋಗುತ್ತದೆ. ಸಣ್ಣ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಮನೆಗಳು ಸಾಕಷ್ಟಿವೆ. ಬುಕ್ ಮಾಡುವಾಗಲೇ ಸಸ್ಯಾಹಾರಿ ಅಂತ ಹೇಳಿಬಿಡಿ. ಇಲ್ಲದಿದ್ದರೆ ಬೆಳಿಗ್ಗೆ ತಟ್ಟೆಯಲ್ಲಿ ಹಂದಿ ಮಾಂಸದ ಮೂರು ಅವತಾರ ಬಂದು ಕೂತಿರುತ್ತವೆ.

ಹೋಗುವ ದಾರಿ

ರೈಲಿನಲ್ಲಿ ಹೋಗುವವರು ಶ್ರೂಸ್‌ಬರಿಯಲ್ಲಿ ಅಥವಾ ಹೆರಿಫರ್ಡ್‌ನಲ್ಲಿ ಬದಲಾಯಿಸಬೇಕು. ಎರಡೂ ಕಡೆಯಿಂದ ಲಡ್ಲೋ ಅರ್ಧ ಗಂಟೆಯ ಹಾದಿ. ಬರ್ಮಿಂಗ್‌ಹ್ಯಾಮ್‌ನಿಂದ ಎರಡೂ ಊರಿಗೆ ನೇರ ರೈಲಿದೆ. ಲಂಡನ್‌ನಿಂದ ಬರುವವರು ಮೂರು ಗಂಟೆಗಿಂತ ಜಾಸ್ತಿ ಲೆಕ್ಕ ಹಾಕಿಕೊಳ್ಳಿ.

ಅರವತ್ತು ದಾಟಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಮಾಡಿಸಿ. ವಯಸ್ಸಿನ ದಾಖಲೆಗೆ ಪಾಸ್‌ಪೋರ್ಟ್ ನಡೆಯುತ್ತದೆ. ಟಿಕೆಟ್ ದರದಲ್ಲಿ ಮೂರನೇ ಒಂದು ಭಾಗ ಕಮ್ಮಿಯಾಗುತ್ತದೆ. ಆರು ತಿಂಗಳಿಗೆ ಬಂದ ಅಪ್ಪ ಅಮ್ಮನಿಗೆ ಎರಡು ಮೂರು ಓಡಾಟದಲ್ಲೇ ಕಾರ್ಡಿನ ದುಡ್ಡು ಹುಟ್ಟುತ್ತದೆ.

ಕಾರಿನವರಿಗೆ ಬರ್ಮಿಂಗ್‌ಹ್ಯಾಮ್‌ನಿಂದ ಸುಮಾರು ಒಂದೂವರೆ ಗಂಟೆ. ಕಿಡರ್‌ಮಿನ್‌ಸ್ಟರ್ ಕಡೆಯಿಂದ ಎ4117 ರಸ್ತೆ ಹಿಡಿಯಿರಿ. ಕ್ಲೀ ಹಿಲ್ ಹತ್ತಿ ಇಳಿಯುವಾಗ ಕೆಳಗೆ ಲಡ್ಲೋ ಬಯಲು, ಅದರಾಚೆ ವೇಲ್ಸ್‌ನ ಬೆಟ್ಟಗಳು ಒಂದರ ಹಿಂದೊಂದು ಕಾಣಿಸುತ್ತವೆ. ರಸ್ತೆಗೆ ಅಡ್ಡವಾಗಿ ಕುರಿ ನಿಂತಿರಬಹುದು, ಹಾರ್ನ್ ಹೊಡೆಯಬೇಡಿ, ಅದು ಸರಿಯೋದೂ ಇಲ್ಲ. ಹಳೇ ಊರಿನೊಳಗೆ ಕಾರು ನುಗ್ಗಿಸುವ ಸಾಹಸ ಬೇಡ. ಬೀದಿಗಳು ಕುದುರೆ ಗಾಡಿ ಕಾಲದವು. ಎ49 ರಸ್ತೆ ಪಕ್ಕದಲ್ಲಿ ಕಾರು ನಿಲ್ಲಿಸಿ ಬಸ್ಸಿನಲ್ಲಿ ಊರೊಳಗೆ ಹೋಗುವ ವ್ಯವಸ್ಥೆ ಇದೆ.

ರೈಲ್ವೆ ಸ್ಟೇಷನ್‌ನಿಂದ ಸಂತೆ ಮೈದಾನಕ್ಕೆ ಹತ್ತು ಹದಿನೈದು ನಿಮಿಷ ನಡೆಯಬೇಕು, ಸ್ವಲ್ಪ ಏರು. ದಾರಿಯಲ್ಲಿ ಫೆದರ್ಸ್ ಎಂಬ ಕಟ್ಟಡ ಸಿಗುತ್ತದೆ. ಕಪ್ಪು ಮರದ ಚೌಕಟ್ಟು, ನಡುವೆ ಬಿಳಿ ಗಾರೆ, ಮೈತುಂಬ ಕೆತ್ತನೆ. 1619ರದ್ದು. ಇಡೀ ಊರಿನಲ್ಲಿ ಜಾಸ್ತಿ ಫೋಟೋ ತೆಗೆಸಿಕೊಂಡ ಗೋಡೆ ಇದೇ ಇರಬೇಕು. ನೀವೂ ಒಂದು ತೆಗೆದು ಮುಂದೆ ನಡೆಯಿರಿ.

ಸಂತೆಯಲ್ಲಿ

ಕಾಸಲ್ ಸ್ಕ್ವೇರ್ ಅಂತ ಕರೆಯುವ ಮೈದಾನದಲ್ಲಿ ಸಂತೆ ಸೇರುತ್ತದೆ. ನಮ್ಮ ಕಡೆಯ ಸಂತೆಯ ಗದ್ದಲ ನಿರೀಕ್ಷಿಸಬೇಡಿ. ಕೂಗುವುದಿಲ್ಲ, ಚೌಕಾಸಿ ಮಾಡುವುದಿಲ್ಲ. ಅಮ್ಮ ಒಂದು ಕುಕ್ಕೆ ಪ್ಲಮ್ ಹಣ್ಣಿಗೆ ಕನ್ನಡದಲ್ಲೇ ಚೌಕಾಸಿ ಶುರು ಮಾಡಿದ್ದರು. ಮಾರುವವನಿಗೆ ಏನು ಅರ್ಥವಾಯಿತೋ, ನಾಲ್ಕು ಹಣ್ಣು ಮೇಲೆ ಹಾಕಿ ಕೊಟ್ಟ. ಕಾರ್ಡ್ ಬಹುತೇಕ ಎಲ್ಲ ಕಡೆ ನಡೆಯುತ್ತದೆ, ಆದರೂ ಇಪ್ಪತ್ತು ಪೌಂಡ್ ಚಿಲ್ಲರೆ ಕೈಯಲ್ಲಿರಲಿ.

ಕೊಳ್ಳುವುದಾದರೆ ಬ್ರೆಡ್, ಆಯಾ ಕಾಲದ ಹಣ್ಣು, ಚೀಸ್. ಚೀಸ್ ವಿಷಯದಲ್ಲಿ ಎರಡು ಮಾತು. ಎಲ್ಲ ಚೀಸ್ ಸಸ್ಯಾಹಾರಿ ಅಲ್ಲ. ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ಪದಾರ್ಥ ಬಳಸಿರಬಹುದು, ಆದ್ದರಿಂದ ಕೇಳಿ ತಗೊಳ್ಳಿ. ಇನ್ನೊಂದು, ಶ್ರಾಪ್‌ಶೈರ್ ಬ್ಲೂ ಅಂತ ಕಿತ್ತಳೆ ಬಣ್ಣದ ಚೀಸ್ ಕಂಡರೆ ಸ್ಥಳೀಯ ಅಂತ ಹಿಗ್ಗಬೇಡಿ. ಅದನ್ನು ಮೊದಲು ಮಾಡಿದ್ದು ಸ್ಕಾಟ್‌ಲೆಂಡಿನ ಇನ್ವರ್ನೆಸ್‌ನಲ್ಲಿ, ಅದೂ 1970ರ ದಶಕದಲ್ಲಿ. ಹೆಸರು ಮಾತ್ರ ಇಲ್ಲಿಯದು. ಫಿಜೆಟ್ ಪೈ ಈ ಜಿಲ್ಲೆಯದೇ ತಿಂಡಿ, ಆದರೆ ಒಳಗೆ ಸೇಬಿನ ಜೊತೆ ಹಂದಿ ಮಾಂಸ ಇರುತ್ತದೆ.

ಕೋಟೆಗೆ ಎರಡು ಗಂಟೆ ಇಡಿ

ಸಂತೆ ಮೈದಾನದ ಒಂದು ತುದಿಯೇ ಕೋಟೆಯ ಹೆಬ್ಬಾಗಿಲು. ಟಿಕೆಟ್ ಇದೆ, ತೆರೆಯುವ ಸಮಯ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ, ಹಿಂದಿನ ದಿನ ನೋಡಿಕೊಳ್ಳಿ.

ನಾರ್ಮನ್ನರು 1066ರಲ್ಲಿ ಇಂಗ್ಲೆಂಡ್ ಗೆದ್ದ ಮೇಲೆ, ವೇಲ್ಸ್ ಜನರನ್ನು ತಡೆಯಲು ಗಡಿ ಉದ್ದಕ್ಕೂ ಕೋಟೆ ಕಟ್ಟಿದರು. ಅವುಗಳಲ್ಲಿ ಇದೂ ಒಂದು. ಲೇಸಿ ಎಂಬ ಮನೆತನದವರು 11ನೇ ಶತಮಾನದ ಕೊನೆಯಲ್ಲಿ ಶುರು ಮಾಡಿದ್ದು. ಒಳಗೆ ಹೋದ ತಕ್ಷಣ ದೊಡ್ಡ ಹುಲ್ಲುಗಾವಲು ಸಿಗುತ್ತದೆ. ಅಷ್ಟಕ್ಕೇ ನಿಲ್ಲಬೇಡಿ. ಕಂದಕ ದಾಟಿ ಒಳಗಿನ ಅಂಗಳಕ್ಕೆ ಹೋಗಿ. ಅಲ್ಲಿ ಒಂದು ದುಂಡನೆಯ ಪ್ರಾರ್ಥನಾ ಮಂದಿರದ ಗೋಡೆ ಉಳಿದಿದೆ. ಇಂಗ್ಲೆಂಡಿನಲ್ಲಿ ಹೀಗೆ ದುಂಡಗೆ ಕಟ್ಟಿದ ಚರ್ಚ್‌ಗಳು ಕೈಬೆರಳಲ್ಲಿ ಎಣಿಸುವಷ್ಟು. ಬಾಗಿಲ ಕಮಾನಿನ ಮೇಲೆ ಅಂಕುಡೊಂಕು ಕೆತ್ತನೆ ನೋಡಿ.

ಗೋಪುರ ಹತ್ತುವ ಸುರುಳಿ ಮೆಟ್ಟಿಲು ಕಿರಿದು, ಸವೆದಿದೆ, ಹಿಡಿಯಲು ಹಗ್ಗ ಬಿಟ್ಟರೆ ಹೆಚ್ಚೇನಿಲ್ಲ. ಮಂಡಿ ನೋವಿದ್ದವರು ಕೆಳಗೇ ಕೂರಲಿ. ನಿಧಾನವಾಗಿ ಹತ್ತುವವರಿಗೆ ಮೇಲೆ ಒಂದು ಕಡೆ ಸಂತೆಯ ಬಣ್ಣದ ಚಪ್ಪರಗಳು, ಇನ್ನೊಂದು ಕಡೆ ಹೊಳೆಯ ತಿರುವು.

ಇಲ್ಲಿ ನಡೆದ ಒಂದು ಸಾವು ಇಂಗ್ಲೆಂಡಿನ ಚರಿತ್ರೆಯನ್ನೇ ತಿರುಗಿಸಿತು. ಏಳನೇ ಹೆನ್ರಿಯ ಹಿರಿಮಗ ಆರ್ಥರ್, ಸ್ಪೇನಿನ ರಾಜಕುಮಾರಿ ಕ್ಯಾಥರೀನಳನ್ನು ಮದುವೆಯಾಗಿ ಇಲ್ಲಿಗೆ ಬಂದ. ಮದುವೆ 1501ರ ನವೆಂಬರ್‌ನಲ್ಲಿ. ಮರುವರ್ಷ ಏಪ್ರಿಲ್ 2ಕ್ಕೆ ಹುಡುಗ ತೀರಿಕೊಂಡ. ಹದಿನೈದು ವರ್ಷ ಅಷ್ಟೇ. ರಾಜ್ಯವೂ, ಹೆಂಡತಿಯೂ ಕೊನೆಗೆ ತಮ್ಮನ ಪಾಲಾದವು. ಆ ತಮ್ಮನೇ ಎಂಟನೇ ಹೆನ್ರಿ. ಮುಂದೆ ಇದೇ ಮದುವೆ ಮುರಿಯಲು ಹೋಗಿ, ಪೋಪ್ ಒಪ್ಪದಿದ್ದಾಗ, ರೋಮ್ ಜೊತೆಗಿನ ನಂಟನ್ನೇ ಕಡಿದುಕೊಂಡ. ಆರ್ಥರ್ ಬದುಕಿದ್ದರೆ ಏನಾಗುತ್ತಿತ್ತೋ ಯಾರಿಗೆ ಗೊತ್ತು.

ವೇಲ್ಸ್ ಆಡಳಿತ ನಡೆಸುವ ಮಂಡಳಿ 1689ರವರೆಗೆ ಇಲ್ಲಿಂದಲೇ ಕೆಲಸ ಮಾಡಿತು. ಅದು ಹೋದ ಮೇಲೆ ಕೋಟೆ ಪಾಳು ಬಿತ್ತು.

ಈಗ ನಮ್ಮ ಕಥೆ. ಈ ಪಾಳು ಕೋಟೆಯನ್ನು 1811ರಲ್ಲಿ ರಾಜಸತ್ತೆಯಿಂದ ಕೊಂಡವನು ಪೋವಿಸ್‌ನ ಅರ್ಲ್. ಆತನ ಹೆಸರು ಎಡ್ವರ್ಡ್ ಕ್ಲೈವ್. ಪ್ಲಾಸಿ ಯುದ್ಧದ ರಾಬರ್ಟ್ ಕ್ಲೈವ್ ಇದ್ದಾನಲ್ಲ, ಅವನ ಮಗ. ಎಡ್ವರ್ಡ್ 1798ರಿಂದ 1803ರವರೆಗೆ ಮದರಾಸಿನ ಗವರ್ನರ್ ಆಗಿದ್ದ. ಅಂದರೆ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತಾಗ ಮದರಾಸಿನ ಕುರ್ಚಿಯಲ್ಲಿ ಕೂತಿದ್ದವನು ಇವನೇ. ಅವನ ಹೆಂಡತಿ ಹೆನ್ರಿಯೆಟ್ಟಾ ಮರುವರ್ಷವೇ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮದರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಎಲ್ಲ ಸುತ್ತಿಬಂದಳು. ಕೋಟೆ ಇವತ್ತಿಗೂ ಪೋವಿಸ್ ಎಸ್ಟೇಟಿನ ಕೈಯಲ್ಲೇ ಇದೆ.

ಇದನ್ನು ತಿಳಿದು ಹೋದರೆ ಆ ಗೋಡೆಗಳು ಬೇರೆ ಥರ ಕಾಣಿಸುತ್ತವೆ. ನನಗಂತೂ ಹಾಗಾಯಿತು. ಒಂದು ಹೊಳೆ ದಂಡೆಯ ಕೋಟೆ ಬಿದ್ದಾಗ ಗವರ್ನರ್ ಆಗಿದ್ದವನು, ಊರಿಗೆ ಮರಳಿ ಇನ್ನೊಂದು ಹೊಳೆ ದಂಡೆಯ ಕೋಟೆ ಕೊಂಡ.

ಊಟ ಎರಡು ಗಂಟೆಯೊಳಗೆ

ನಮ್ಮವರು ಮೂರು ಗಂಟೆಗೆ ಊಟಕ್ಕೆ ಹುಡುಕುತ್ತಾರೆ. ಇಲ್ಲಿನ ಬಹಳಷ್ಟು ಪಬ್‌ಗಳಲ್ಲಿ ಎರಡು, ಎರಡೂವರೆಗೆ ಒಲೆ ಆರಿರುತ್ತದೆ. ಪಬ್‌ನಲ್ಲಿ ಟೇಬಲ್ ಹತ್ತಿರ ಯಾರೂ ಬಂದು ಕೇಳುವುದಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ, ನೀವೇ ಕೌಂಟರ್‌ಗೆ ಹೋಗಿ ಟೇಬಲ್ ನಂಬರ್ ಹೇಳಿ ಆರ್ಡರ್ ಕೊಡಬೇಕು. ಕುಡಿಯುವ ನೀರು ಬೇಕಾದರೆ ಟ್ಯಾಪ್ ವಾಟರ್ ಅಂತ ಕೇಳಿ, ಬಿಟ್ಟಿ ಕೊಡುತ್ತಾರೆ. ನಮ್ಮದು ಬುತ್ತಿ ವ್ಯವಹಾರ. ಚಪಾತಿ, ಪಲ್ಯ, ಚಿತ್ರಾನ್ನ, ಜೊತೆಗೆ ಸಂತೆಯ ಹಣ್ಣು. ಕೋಟೆಯ ಕೆಳಗೆ ಡಿನ್ಹಮ್ ಸೇತುವೆ ಹತ್ತಿರ ಹುಲ್ಲುಹಾಸು, ಬೆಂಚು ಎಲ್ಲ ಇವೆ. ತಿಂದ ಕಸ ವಾಪಸ್ ಚೀಲಕ್ಕೆ.

ಹೊಳೆ ಸುತ್ತುವ ಕ್ರಮ

ಇಡೀ ಲಡ್ಲೋದಲ್ಲಿ ಒಂದೇ ಒಂದು ಕೆಲಸ ಮಾಡುವಷ್ಟು ಪುರುಸೊತ್ತಿದ್ದರೆ, ಇದನ್ನು ಮಾಡಿ. ನಿಂತು ನೋಡುತ್ತಾ ನಡೆದರೂ ಒಂದೂವರೆ ಗಂಟೆ ಸಾಕು.

ಕೋಟೆ ಬಾಗಿಲಿಂದ ಹೊರಗೆ ಬಂದು ಗೋಡೆಯನ್ನು ಬಳಸಿಕೊಂಡು ಡಿನ್ಹಮ್ ಎಂಬ ಇಳಿಜಾರು ಬೀದಿಯಲ್ಲಿ ಇಳಿಯಿರಿ. ದಾರಿಯಲ್ಲಿ ಡಿನ್ಹಮ್ ಹೌಸ್ ಅಂತ ಒಂದು ದೊಡ್ಡ ಮನೆ ಇದೆ. ನೆಪೋಲಿಯನ್‌ನ ತಮ್ಮ ಲೂಸಿಯನ್ ಬೋನಪಾರ್ಟೆ ಇಂಗ್ಲಿಷರ ಕೈಗೆ ಸಿಕ್ಕಿಬಿದ್ದಾಗ 1811ರಲ್ಲಿ ಅವನನ್ನು ಇರಿಸಿದ್ದು ಇಲ್ಲಿ. ಸೆರೆ ಅಂದರೂ ಇಂಥ ಮನೆಯಲ್ಲಿ, ನೋಡಿ.

ಡಿನ್ಹಮ್ ಸೇತುವೆ ಮೇಲೆ ನಿಲ್ಲಿ. ಹೊಳೆಗೆ ಅಡ್ಡ ಒಂದು ಒಡ್ಡು ಇದೆ. ಹಿಂದೆ ಗಿರಣಿ ತಿರುಗಿಸಲು ನೀರು ಬೇಕಿತ್ತು, ಅದಕ್ಕೆ ಕಟ್ಟಿದ್ದು. ಟೀಮ್ ಹುಟ್ಟುವುದು ವೇಲ್ಸ್‌ನ ಬೆಟ್ಟದಲ್ಲಿ, ಸೇರುವುದು ವುಸ್ಟರ್ ಊರಿನ ಕೆಳಗೆ ಸೆವರ್ನ್ ನದಿಗೆ. ಬೇಸಿಗೆಯಲ್ಲಿ ನಮ್ಮ ಹಳ್ಳದಷ್ಟು ಸಣ್ಣ. ಅಮ್ಮ ತೀರ್ಥಹಳ್ಳಿಯವರು, ತುಂಗೆ ಕಂಡವರು. "ಇದಕ್ಕೆ ಇಷ್ಟು ದೂರ ಬರಬೇಕಿತ್ತಾ?" ಅಂದರು. ಚಳಿಗಾಲದಲ್ಲಿ ಮಳೆ ಹಿಡಿದಾಗ ನೋಡಿದ್ದರೆ ಹಾಗೆ ಹೇಳುತ್ತಿರಲಿಲ್ಲ. ಆಗ ಇದೇ ಹೊಳೆ ಕೆಂಪಗೆ ತುಂಬಿ ಹರಿಯುತ್ತದೆ.

ಸೇತುವೆ ದಾಟಿ ಎದುರಿನ ಗುಡ್ಡ ಹತ್ತಿ. ಇದು ವಿಟ್‌ಕ್ಲಿಫ್. ಊರವರ ಗೋಮಾಳ ಇದ್ದ ಹಾಗೆ, ಯಾರು ಬೇಕಾದರೂ ಓಡಾಡಬಹುದು. ಮೇಲೆ ಒಂದು ಕಡೆ ಮರಗಳು ಬಿಟ್ಟುಕೊಟ್ಟ ಜಾಗದಲ್ಲಿ ಬೆಂಚು ಸಿಗುತ್ತದೆ. ಅಲ್ಲಿ ತಿರುಗಿ ನೋಡಿ. ಕೆಳಗೆ ಹೊಳೆ, ಅದರ ಮೇಲೆ ಕೋಟೆ, ಕೋಟೆ ಪಕ್ಕ ಚರ್ಚ್ ಗೋಪುರ, ಹಿಂದೆ ನೀಲಿ ಕ್ಲೀ ಬೆಟ್ಟ. ಇಡೀ ಊರು ಒಂದೇ ನೋಟಕ್ಕೆ. ಅಮ್ಮ ಅಲ್ಲಿ ಕೂತವರು ಅರ್ಧ ಗಂಟೆ ಎದ್ದಿಲ್ಲ. ಬಂದಿದ್ದಕ್ಕೆ ಸಾರ್ಥಕವಾಯಿತಾ ಅಂತ ನಾನು ಕೇಳಲೂ ಇಲ್ಲ.

ಕಾಲ ಕೆಳಗಿನ ಕಲ್ಲೂ ಸಾಮಾನ್ಯದ್ದಲ್ಲ. ಸುಮಾರು 42 ಕೋಟಿ ವರ್ಷ ಹಿಂದೆ ಇದೆಲ್ಲ ಸಮುದ್ರದ ತಳ. ಭೂಮಿಯ ಚರಿತ್ರೆಯಲ್ಲಿ ಒಂದು ಕಾಲಘಟ್ಟಕ್ಕೆ ಲಡ್ಲೋ ಎಂದೇ ಹೆಸರು, ಜಗತ್ತಿನ ಎಲ್ಲ ಭೂವಿಜ್ಞಾನಿಗಳೂ ಆ ಹೆಸರು ಬಳಸುತ್ತಾರೆ. ಗುಡ್ಡದ ಬುಡದಲ್ಲಿ, ಲಡ್‌ಫರ್ಡ್ ಮೂಲೆಯಲ್ಲಿ, ಆ ಕಾಲದ ಮೀನಿನ ಚೂರುಗಳು ತುಂಬಿದ ಒಂದು ತೆಳು ಪದರ ಇದೆ. ಅದಕ್ಕೆ ರಕ್ಷಣೆ ಇದೆ, ಕೆದಕಬಾರದು.

ವಾಪಸ್ ಬರುವಾಗ ಹೊಳೆ ಪಕ್ಕದ ಬ್ರೆಡ್‌ವಾಕ್ ಹಿಡಿಯಿರಿ. ಈ ಕಾಲುದಾರಿ ಮಾಡಿದ ಕೂಲಿಯವರಿಗೆ ದುಡ್ಡಿನ ಬದಲು ಬ್ರೆಡ್ ಕೊಟ್ಟರಂತೆ, ದುಡ್ಡು ಕೊಟ್ಟರೆ ಹೆಂಡಕ್ಕೆ ಹೋಗುತ್ತದೆ ಅಂತ. ಮರದ ನೆರಳಿನಲ್ಲಿ ದಾರಿ ತಂಪು, ಆದರೆ ಮಳೆ ಬಂದರೆ ಜಾರುತ್ತದೆ. ಚಪ್ಪಲಿ ಬೇಡ. ಅಮ್ಮ ಸೀರೆಗೆ ಶೂ ಹಾಕಲ್ಲ ಅಂತ ಹಟ ಮಾಡಿ, ಅರ್ಧ ದಾರಿಯಲ್ಲಿ ನನ್ನ ಶೂ ಹಾಕಿಕೊಂಡರು. ನಾನು ಕಾಲುಚೀಲದಲ್ಲೇ ಬಂದೆ.

ದಾರಿ ಮುಗಿಯುವುದು ಲಡ್‌ಫರ್ಡ್ ಸೇತುವೆಯಲ್ಲಿ. ಹಳೇ ಕಲ್ಲು ಸೇತುವೆ. ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಎರಡು ಮನೆತನಗಳು ಕಾದಾಡುತ್ತಿದ್ದ ಕಾಲ. 1459ರ ಅಕ್ಟೋಬರ್‌ನಲ್ಲಿ, ರಾಜನ ವಿರುದ್ಧ ಎದ್ದಿದ್ದ ಯಾರ್ಕ್ ಪಕ್ಷದವರು ಅವನ ಸೈನ್ಯ ಎದುರಾದಾಗ ರಾತ್ರೋರಾತ್ರಿ ಇಲ್ಲಿಂದ ಓಡಿಹೋದರು. ಬೆಳಿಗ್ಗೆ ಲೂಟಿಯಾಗಿದ್ದು ಊರು. ಸೇತುವೆ ದಾಟಿ ಬ್ರಾಡ್ ಸ್ಟ್ರೀಟ್ ಏರಿ. ನಡುವೆ ಬ್ರಾಡ್‌ಗೇಟ್ ಸಿಗುತ್ತದೆ. ಊರಿನ ಸುತ್ತುಗೋಡೆಗಿದ್ದ ಏಳು ಬಾಗಿಲುಗಳಲ್ಲಿ ಇದೊಂದೇ ಉಳಿದಿರುವುದು, ಅದರ ಮೇಲೂ ಮನೆ ಕಟ್ಟಿಕೊಂಡಿದ್ದಾರೆ. ಬೀದಿಯ ನೆತ್ತಿಯಲ್ಲಿ ಬಟರ್ ಕ್ರಾಸ್, 1740ರ ದಶಕದ ಕಲ್ಲು ಮಂಟಪ. ಕೆಳಗೆ ಕಂಬಗಳ ನೆರಳಲ್ಲಿ ಬೆಣ್ಣೆ ಮಾರುತ್ತಿದ್ದರು.

ಬಟರ್ ಕ್ರಾಸ್ ಹಿಂದಿನ ಸಂದಿಯಲ್ಲಿ ಸೇಂಟ್ ಲಾರೆನ್ಸ್ ಚರ್ಚ್. ಗೋಪುರ 135 ಅಡಿ. ಒಳಗೆ ಪಾದ್ರಿಗಳ ಮಡಚುವ ಸೀಟಿನ ಅಡಿಯಲ್ಲಿ ಕೆತ್ತಿದ ಮರದ ಬೊಂಬೆಗಳನ್ನು ತಪ್ಪಿಸಬೇಡಿ. ಒಂದರಲ್ಲಿ, ಅಳತೆಯಲ್ಲಿ ಮೋಸ ಮಾಡಿದ ಹೆಂಡ ಮಾರುವವಳನ್ನು ದೆವ್ವ ಹೆಗಲ ಮೇಲೆ ಹಾಕಿಕೊಂಡು ನರಕಕ್ಕೆ ಒಯ್ಯುತ್ತಿದೆ. ಪಾತ್ರೆ ಇನ್ನೂ ಅವಳ ಕೈಯಲ್ಲೇ ಇದೆ. ಸಂತೆ ಊರಿಗೆ ತಕ್ಕ ದೇವಸ್ಥಾನ ಅಲ್ವಾ.

ಎರಡನೇ ದಿನ, ಊರ ಹೊರಗೆ

ರೈಲಿನಲ್ಲಿ ಉತ್ತರಕ್ಕೆ ಒಂದೇ ಸ್ಟೇಷನ್, ಕ್ರೇವನ್ ಆರ್ಮ್ಸ್. ಅಲ್ಲಿಂದ ಸುಮಾರು ಒಂದೂವರೆ ಕಿಲೋಮೀಟರ್ ನಡೆದರೆ ಸ್ಟೋಕ್‌ಸೇ ಕಾಸಲ್. ಹೆಸರು ಕೋಟೆ, ನಿಜದಲ್ಲಿ ಸಾಹುಕಾರನ ಮನೆ. ಲಡ್ಲೋದ ಲಾರೆನ್ಸ್ ಎಂಬ ಉಣ್ಣೆ ವ್ಯಾಪಾರಿ ಕಟ್ಟಿಸಿದ್ದು. ಮನೆಗೆ ಕೋಟೆಯಂತೆ ತೆನೆಗೋಡೆ ಎತ್ತಲು ರಾಜನ ಅನುಮತಿ ಬೇಕಿತ್ತು, 1291ರಲ್ಲಿ ಸಿಕ್ಕಿತು. ಮೂರೇ ವರ್ಷಕ್ಕೆ ಲಾರೆನ್ಸ್ ಹಡಗು ಮುಳುಗಿ ಸತ್ತ. ಅವನ ದೊಡ್ಡ ಪಡಸಾಲೆಯ ಮರದ ಚಾವಣಿ ಇನ್ನೂ ಮೇಲಿದೆ. ಮುಂದಿನ ಹಳದಿ ಬಣ್ಣದ ಮರದ ಬಾಗಿಲುಮನೆ ಮಾತ್ರ 17ನೇ ಶತಮಾನದ್ದು. ಹಿರಿಯರಿಗೆ ಹೇಳಿ ಮಾಡಿಸಿದ ಜಾಗ, ಜನ ಕಡಿಮೆ, ನಡೆಯೋದೂ ಕಡಿಮೆ.

ಕಾಲಲ್ಲಿ ಕಸುವಿರುವವರು ವಿಟ್‌ಕ್ಲಿಫ್ ಹಿಂದಿನ ಮಾರ್ಟಿಮರ್ ಕಾಡಿಗೆ ಹೋಗಬಹುದು. ಅಲ್ಲಿ ಉದ್ದ ಕೂದಲಿನ ಫ್ಯಾಲೋ ಜಿಂಕೆಗಳಿವೆ. ನಾನು ಎರಡು ಸಲ ಹೋಗಿದ್ದೇನೆ, ಹಿಕ್ಕೆ ಬಿಟ್ಟು ಬೇರೇನೂ ಕಂಡಿಲ್ಲ. ಕಾರಿದ್ದರೆ ಟಿಟರ್‌ಸ್ಟೋನ್ ಕ್ಲೀ ಬೆಟ್ಟ, 533 ಮೀಟರ್ ಎತ್ತರ. ತುದಿಯಲ್ಲಿ ಗಾಳಿ ಜೋರು, ಟೋಪಿ ಹಾರಿಹೋಗುತ್ತದೆ.

ಹೊಲದ ನಡುವೆ ನಡೆಯಲು ಹೊಸಬರು ಹೆದರುತ್ತಾರೆ. ಬೇರೆಯವರ ಜಮೀನಲ್ಲವೇ ಅಂತ. ಹಳದಿ ಬಾಣದ ಗುರುತು ಇದ್ದ ಕಡೆ ನಡೆಯುವುದು ನಿಮ್ಮ ಹಕ್ಕು, ಯಾರನ್ನೂ ಕೇಳಬೇಕಿಲ್ಲ. ಬೇಲಿ ಬಂದಲ್ಲಿ ನಮ್ಮ ಮಲೆನಾಡಿನ ತಡಮೆಯಂಥದ್ದೇ ಮೆಟ್ಟಿಲು ಇರುತ್ತದೆ, ಹತ್ತಿ ಇಳಿಯಿರಿ. ಗೇಟು ಹೇಗಿತ್ತೋ ಹಾಗೇ ಬಿಡಿ, ಮುಚ್ಚಿದ್ದರೆ ಮುಚ್ಚಿ. ಕರು ಜೊತೆಗಿದ್ದ ಹಸುಗಳಿಂದ ದೂರ ಬಳಸಿ ಹೋಗಿ. ನಾವು ಹಸು ಕಂಡ ಕೂಡಲೇ ಮುಟ್ಟಿ ನಮಸ್ಕಾರ ಮಾಡಲು ಹೋಗುತ್ತೇವೆ, ಇಲ್ಲಿನ ಹಸುವಿಗೆ ಅದು ಗೊತ್ತಿರಲ್ಲ. ಬೇಲಿ ಬದಿಯ ತುರುಚೆ ಗಿಡ ಮುಟ್ಟಬೇಡಿ. ತಗ್ಗಿನಲ್ಲಿ ಫೋನ್ ಸಿಗ್ನಲ್ ಹೋಗುತ್ತದೆ, ಆರ್ಡನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 203 ಎಂಬ ಕಾಗದದ ನಕ್ಷೆ ಕೊಂಡರೆ ಒಳ್ಳೇದು.

ವಾಪಸ್ ಬರುವಾಗ ಟಿಪ್ಪುವಿನ ಡೇರೆ

ಬರ್ಮಿಂಗ್‌ಹ್ಯಾಮ್ ಕಡೆಗೆ ಹಿಂದಿರುಗುವವರು ಮರುದಿನ ಒಂದು ಸುತ್ತು ಹೊಡೆಯಬಹುದು. ಲಡ್ಲೋದಿಂದ ಶ್ರೂಸ್‌ಬರಿ, ಅಲ್ಲಿಂದ ವೇಲ್ಸ್‌ನೊಳಗಿನ ವೆಲ್ಶ್‌ಪೂಲ್. ಸ್ಟೇಷನ್‌ನಿಂದ ಅರ್ಧ ಗಂಟೆ ನಡಿಗೆಗೆ ಪೋವಿಸ್ ಕಾಸಲ್. ಈಗ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತದೆ. ಲಡ್ಲೋ ಕೋಟೆ ಕೊಂಡ ಅದೇ ಕ್ಲೈವ್ ಕುಟುಂಬ ಭಾರತದಿಂದ ತಂದ ಸಾಮಾನು ಇಲ್ಲಿದೆ. ಟಿಪ್ಪುವಿನ ಸಿಂಹಾಸನಕ್ಕೆ ಸೇರಿದ್ದ ಚಿನ್ನದ ಹುಲಿ ತಲೆ ಒಂದು. ಆದರೆ ನಿಮ್ಮನ್ನು ನಿಲ್ಲಿಸುವುದು ಟಿಪ್ಪುವಿನ ಡೇರೆ. ಹೂಬಳ್ಳಿ ಬಿಡಿಸಿದ ಚೀಟಿ ಬಟ್ಟೆಯ ಡೇರೆ.

ಅಮ್ಮ ಅದರ ಹೂಗಳನ್ನು ಒಂದೊಂದಾಗಿ ನೋಡಿದರು. "ಬಣ್ಣ ಇನ್ನೂ ಹೋಗಿಲ್ಲ ಕಣೋ" ಅಂದರು. ಆಮೇಲೆ ಮಾತಾಡಲಿಲ್ಲ.

ವೆಲ್ಶ್‌ಪೂಲ್‌ನಿಂದ ಬರ್ಮಿಂಗ್‌ಹ್ಯಾಮ್‌ಗೆ ನೇರ ರೈಲಿದೆ, ಆದರೆ ಸುಮಾರು ಎರಡು ಗಂಟೆಗೊಂದು. ಸಮಯ ನೋಡಿಕೊಂಡೇ ಡೇರೆಯ ಮುಂದೆ ನಿಲ್ಲಿ. ನಮ್ಮದು ತಪ್ಪಿತು. ಪುಣ್ಯಕ್ಕೆ ಬುತ್ತಿಯಲ್ಲಿ ಇನ್ನೂ ಎರಡು ಚಪಾತಿ ಉಳಿದಿದ್ದವು.